ಅಂದದ ಎಲೆಯೊಳಗಿನ ಸೂಜಿಗಳು

ಬಿಸಿಲು ಬೀಳದ ವರಾಂಡ, ಬಾಲ್ಕನಿಗಳಲ್ಲಿ ಹೂವಿನ ಗಿಡಗಳು ಸರಿಯಾಗಿ ಬಾರವು. ಅಲ್ಲಿ ನಾವು ಎಲೆಯ ಚೆಲುವಿಗಾಗಿ ಡಿಫೆನ್‌ಬೇಕಿಯಾ, ಕ್ಯಾಲೇಡಿಯಂ, ಮನಿಪ್ಲಾಂಟ್ ಬೆಳೆಸುತ್ತೇವೆ. ನೆರಳಿನಲ್ಲೂ ಇವು ಸೊಂಪಾಗಿ ಬೆಳೆಯುತ್ತವೆ. ಆದರೆ ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರೆ ಒಂದು ವಿಷಯ ನಿಮಗೆ ತಿಳಿದಿರಲೇಬೇಕು.

ಇವೆಲ್ಲ ನಮ್ಮ ಕೆಸುವಿನ ಬಳಗದ ಗಿಡಗಳು. ಪತ್ರೊಡೆ ಸರಿಯಾಗಿ ಬೇಯದಿದ್ದರೆ, ಹುಳಿ ಸಾಲದಿದ್ದರೆ ಗಂಟಲು ತುರಿಸುವುದನ್ನು ನೀವು ಬಲ್ಲಿರಿ. ಅದಕ್ಕೆ ಮುಖ್ಯ ಕಾರಣ ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣದ ಹರಳುಗಳು. ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳಂತಿರುವ ಇವು ಎಲೆ ಅಗಿದೊಡನೆ ತುಟಿ, ನಾಲಿಗೆಗಳಿಗೆ ಚುಚ್ಚುತ್ತವೆ. ಉರಿ, ಊತ, ಜೊಲ್ಲು ಶುರುವಾಗುತ್ತದೆ. ನಾಲಿಗೆ ಊದಿ ಮಾತು ಹೊರಡದಂತಾಗುವುದರಿಂದಲೇ ಡಿಫೆನ್‌ಬೇಕಿಯಾಕ್ಕೆ ಇಂಗ್ಲಿಷಿನಲ್ಲಿ 'ಡಂಬ್ ಕೇನ್' ಎಂಬ ಹೆಸರು.

ಈ ಗಿಡ ಒಂದೇ ನಿಮಿಷದಲ್ಲಿ ಮಗುವಿನ ಪ್ರಾಣ ತೆಗೆಯುತ್ತದೆ ಎಂಬ ಸಂದೇಶ ಮೊಬೈಲುಗಳಲ್ಲಿ ಹರಿದಾಡಿದೆ. ಅದು ಉತ್ಪ್ರೇಕ್ಷೆ. ಸಾಮಾನ್ಯವಾಗಿ ಮಗು ಉರಿ ತಾಳದೆ ಎಲೆಯನ್ನು ಉಗುಳಿಬಿಡುತ್ತದೆ. ಕೆಲವು ಗಂಟೆ ಅಥವಾ ಕೆಲವು ದಿನಗಳಲ್ಲಿ ಗುಣವಾಗುತ್ತದೆ. ಅಪರೂಪಕ್ಕೊಮ್ಮೆ ಗಂಟಲು ಊದಿ ಉಸಿರಿನ ದಾರಿ ಕಟ್ಟಬಹುದು. ನಿಜವಾದ ಅಪಾಯ ಅದು.

ಮಗು ಎಲೆ ಕಚ್ಚಿದರೆ ಹೀಗೆ ಮಾಡಿ:

* ಬಾಯಲ್ಲಿ ಉಳಿದ ಚೂರುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.
* ನುಂಗಲು ಆಗುತ್ತಿದ್ದರೆ ತಣ್ಣನೆಯ ನೀರು ಅಥವಾ ಹಾಲನ್ನು ಗುಟುಕು ಗುಟುಕಾಗಿ ಕುಡಿಸಿ.
* ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಸೂಜಿಗಳು ಗಂಟಲನ್ನು ಎರಡನೇ ಸಲ ಚುಚ್ಚುತ್ತವೆ.
* ರಸ ಕಣ್ಣಿಗೆ ಸಿಡಿದರೆ ಉಜ್ಜದೆ, 15 ನಿಮಿಷ ಶುದ್ಧ ನೀರಿನಿಂದ ತೊಳೆದು ಕಣ್ಣಿನ ವೈದ್ಯರಿಗೆ ತೋರಿಸಿ. ಎದೆಹಾಲು, ಎಣ್ಣೆ ಹಾಕಬೇಡಿ.
* ಉಸಿರಾಡಲು ಕಷ್ಟವಾದರೆ, ಧ್ವನಿ ಬದಲಾದರೆ, ಜೊಲ್ಲನ್ನೂ ನುಂಗಲಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಗಿಡದ ಒಂದು ಎಲೆಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ತೆಗೆದುಕೊಂಡು ಹೋಗಿ. ವೈದ್ಯರಿಗೆ ಗುರುತಿಸಲು ಅನುಕೂಲ.

ಹಾಗೆಂದು ಗಿಡಗಳನ್ನು ಕಿತ್ತೆಸೆಯಬೇಕಿಲ್ಲ. ಮಗುವಿನ ಕೈಗೆ ಎಟುಕದಷ್ಟು ಎತ್ತರದಲ್ಲಿ ಕುಂಡವಿಡಿ. ಉದುರಿದ ಎಲೆಗಳನ್ನು ಆಗಾಗ ಹೆಕ್ಕಿ ತೆಗೆಯಿರಿ. ಗಿಡ ಕತ್ತರಿಸುವಾಗ ಕೈಗವಸು ಹಾಕಿಕೊಳ್ಳಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ಮಗುವಿಗೆ ಎಟುಕುವ ಜಾಗದಲ್ಲಿ ದೊಡ್ಡಪತ್ರೆಯ ಕುಂಡವಿರಲಿ. ಅದು ಅರೆನೆರಳಿನಲ್ಲೂ ಬರುತ್ತದೆ, ತಂಬುಳಿಗೂ ಆಗುತ್ತದೆ.