ವೈನ್ ದ್ರಾಕ್ಷಿ: ಅಪರಿಚಿತ ತಳಿಯ ಗುಣ ಅರಿಯುವ ಬಗೆ

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಅನುಭವಿ ವರ್ತಕರು ಚೀಲದಿಂದ ಒಂದು ಹಿಡಿ ತೆಗೆದು ನೋಡಿದರೆ ಸಾಕು, ಅದು ರಾಶಿಯೋ ಬೆಟ್ಟೆಯೋ ಗೊರಬಲೋ ಎಂದು ಹೇಳಬಲ್ಲರು. ತಲೆಮಾರುಗಳ ಒಡನಾಟದಿಂದ ಬಂದ ಜಾಣ್ಮೆ ಅದು. ಆದರೆ ಪರಿಚಯವೇ ಇಲ್ಲದ ಸರಕು ಎದುರಾದಾಗ ಹಳೆಯ ಅಳತೆಗೋಲೇ ದಾರಿ ತಪ್ಪಿಸುವುದುಂಟು. ವೈನ್ ದ್ರಾಕ್ಷಿ ಅಂತಹ ಸರಕು.

ದೀರ್ಘ ಮಳೆಗಾಲದ ಸಕ್ರೆಬೈಲು ಪರಿಸರ ದ್ರಾಕ್ಷಿ ಬೇಸಾಯಕ್ಕೆ ಒಗ್ಗುವಂಥದ್ದಲ್ಲ. ತೇವದಲ್ಲಿ ಶಿಲೀಂಧ್ರ ರೋಗಗಳು ಬಳ್ಳಿಯನ್ನು ಬಾಧಿಸುತ್ತವೆ. ಆದರೂ ಹೊರ ಜಿಲ್ಲೆಗಳಿಂದ ಹಣ್ಣು ಕೊಂಡು ಸಂಸ್ಕರಿಸುವ ಯೋಚನೆಯುಳ್ಳ ಸಣ್ಣ ಉದ್ಯಮಿಗಳಿಗೂ, ಆನೆ ಬಿಡಾರದ ಪ್ರವಾಸಿಗರನ್ನು ನೆಚ್ಚಿದ ಹೋಟೆಲ್ ಉದ್ಯಮಕ್ಕೂ ಈ ತಿಳಿವಳಿಕೆ ಪ್ರಯೋಜನಕಾರಿ.

ತಿನ್ನುವ ಹಣ್ಣು ಬೇರೆ, ಹಿಂಡುವ ಹಣ್ಣು ಬೇರೆ

ಹಣ್ಣಿನ ಅಂಗಡಿಯಲ್ಲಿ ದಪ್ಪ ಕಾಯಿ, ತೆಳು ಸಿಪ್ಪೆ, ಬೀಜವಿಲ್ಲದಿರುವುದು ಇವೇ ಶ್ರೇಷ್ಠತೆಯ ಲಕ್ಷಣಗಳು. ಕ್ಯಾಬರ್ನೆ ಸಾವಿಗ್ನಾನ್, ಶಿರಾಜ್ ಮುಂತಾದ ವೈನ್ ತಳಿಗಳಾದರೋ ಸಣ್ಣ ಗಾತ್ರದವು, ಬೀಜವುಳ್ಳವು, ಗಡಸು ಸಿಪ್ಪೆಯವು. ಕೆಂಪು ವೈನಿನ ಬಣ್ಣವೂ ಒಗರೂ ಮುಖ್ಯವಾಗಿ ಸಿಪ್ಪೆ ಮತ್ತು ಬೀಜದಿಂದಲೇ ಬರುವುದರಿಂದ, ಅಂಗಡಿಯಲ್ಲಿ ದೋಷವೆನಿಸಿದ್ದು ಇಲ್ಲಿ ಬಂಡವಾಳವಾಗುತ್ತದೆ. 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿಯ ಘಾಟು ಪರಿಮಳಕ್ಕೆ ಒಗ್ಗಿದ ನಾಲಿಗೆಗೆ ಈ ಹಣ್ಣುಗಳು ಸಪ್ಪೆಯೆನಿಸಿದರೂ ಅಚ್ಚರಿಯಿಲ್ಲ.

ನಮ್ಮ ರಾಜ್ಯದ ಅನುಭವ

1988ರಲ್ಲಿ ಸ್ಥಾಪನೆಯಾದ ಗ್ರೋವರ್ ವೈನ್‌ಯಾರ್ಡ್ಸ್ ಸಂಸ್ಥೆ ನಂದಿ ಬೆಟ್ಟದ ತಪ್ಪಲಿನಲ್ಲಿ ಹಲವು ಫ್ರೆಂಚ್ ತಳಿಗಳನ್ನು ಬೆಳೆದು ನೋಡಿ, ಒಗ್ಗಿದ ಕೆಲವನ್ನು ಮಾತ್ರ ಉಳಿಸಿಕೊಂಡಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬೆಂಗಳೂರು ನೀಲಿಯನ್ನು ಅನ್ಯ ತಳಿಗಳೊಡನೆ ಸಂಕರಗೊಳಿಸಿ ಅರ್ಕ ಶ್ಯಾಮ್, ಅರ್ಕ ತೃಷ್ಣಾ ಮೊದಲಾದ ತಳಿಗಳನ್ನು ರೂಪಿಸಿತು. 2007ರಲ್ಲಿ ರಾಜ್ಯ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು. ಒಂದೆಡೆ ಹೆಸರು ಗಳಿಸಿದ ತಳಿ ಮತ್ತೊಂದೆಡೆಯೂ ಅದೇ ಗುಣ ತೋರುವುದೆಂಬ ಭರವಸೆಯಿಲ್ಲ ಎಂಬುದೇ ಇಂತಹ ಪ್ರಯೋಗಗಳ ಹಿಂದಿನ ತತ್ತ್ವ.

ರುಚಿ ನೋಡುವ ಕ್ರಮ

ಗೊಂಚಲಿನ ತುದಿಯ ಒಂದೇ ಕಾಯಿ ತಿಂದು ತೀರ್ಮಾನಿಸಬಾರದು. ಬೇರೆ ಬೇರೆ ಸಾಲುಗಳಿಂದ, ಬಿಸಿಲು ಮತ್ತು ನೆರಳಿನ ಎರಡೂ ಬದಿಯಿಂದ, ಗೊಂಚಲಿನ ಮೇಲೂ ಕೆಳಗೂ ಸುಮಾರು ನೂರು ಕಾಯಿಗಳನ್ನು ಆಯಬೇಕು. ಮೊದಲು ತಿರುಳು: ಸಿಹಿ ಮತ್ತು ಹುಳಿಯ ಸಮತೋಲ ಹೇಗಿದೆ? ಬಳಿಕ ಸಿಪ್ಪೆ: ಚೆನ್ನಾಗಿ ಅಗಿದಾಗ ಒಗರು ನಯವಾಗಿದೆಯೇ, ನಾಲಿಗೆ ಹಿಡಿಯುವಷ್ಟು ಒರಟೇ? ಕೊನೆಗೆ ಬೀಜ: ಹಸಿರಿದ್ದರೆ ಹಣ್ಣು ಇನ್ನೂ ಮಾಗಿಲ್ಲ, ಕಂದು ಬಣ್ಣಕ್ಕೆ ತಿರುಗಿ ಕಟುಂ ಎಂದು ಒಡೆದರೆ ಮಾಗಿದೆ. ಕ್ಯಾಬರ್ನೆಯಲ್ಲಿ ಹಸಿ ದೊಣ್ಣೆ ಮೆಣಸಿನಕಾಯಿಯ ವಾಸನೆ ಗಾಢವಾಗಿದ್ದರೆ ಅದೂ ಸಾಮಾನ್ಯವಾಗಿ ಅಪಕ್ವತೆಯ ಗುರುತು. ತಳಿಯ ಹೆಸರನ್ನು ಮರೆಮಾಡಿ, ನಡುವೆ ನೀರಿನಿಂದ ಬಾಯಿ ತೊಳೆದು ಪರೀಕ್ಷಿಸುವುದು ಉತ್ತಮ. ಹೆಸರಿನ ಮೋಹ ನಾಲಿಗೆಯನ್ನು ಬಹಳ ಬೇಗ ಒಲಿಸಿಕೊಳ್ಳುತ್ತದೆ.

ನಾಲಿಗೆಗೆ ಉಪಕರಣದ ಸಾಕ್ಷ್ಯವೂ ಬೇಕು. ರಿಫ್ರ್ಯಾಕ್ಟೋಮೀಟರ್‌ನಲ್ಲಿ 22 ಬ್ರಿಕ್ಸ್ ತೋರುವ ರಸ ಪೂರ್ಣವಾಗಿ ಹುದುಗಿದರೆ ಸುಮಾರು ಶೇಕಡಾ 12ರಷ್ಟು ಮದ್ಯಸಾರ ದೊರೆಯುತ್ತದೆ. ಆದರೆ ಬಿಸಿಲ ನಾಡಿನಲ್ಲಿ ಸಕ್ಕರೆ ಬೇಗ ಏರಿ ಹುಳಿ ಬೇಗ ಇಳಿಯುತ್ತದೆ. ಸಕ್ಕರೆಯೊಂದನ್ನೇ ನೋಡಿ ಕೊಂಡವರಿಗೆ ಸಪ್ಪೆಯಾದ, ಬೇಗ ಕೆಡುವ ವೈನ್ ಗಂಟುಬೀಳಬಹುದು. ಆದುದರಿಂದ ಪಿಎಚ್ ಮತ್ತು ಆಮ್ಲಾಂಶಗಳನ್ನೂ ಅಳೆಯಿಸಬೇಕು.

ಆತುರ ಸಲ್ಲದು

ನೆಟ್ಟ ಬಳ್ಳಿ ಒಳ್ಳೆಯ ಫಸಲಿಗೆ ಬರಲು ಸುಮಾರು ಮೂರು ವರ್ಷ ಬೇಕು. ತಪ್ಪು ಆಯ್ಕೆಯ ನಷ್ಟ ಒಂದು ಹಂಗಾಮಿಗೆ ಮುಗಿಯದು. ಬೆಳೆಗಾರರೊಂದಿಗೆ ದೀರ್ಘಾವಧಿ ಒಪ್ಪಂದ ಮಾಡಿಕೊಳ್ಳುವ ಮುನ್ನ, ಪರವಾನಗಿ ಪಡೆದ ಘಟಕದಲ್ಲಿ ಕೆಲವೇ ಕಿಲೋ ಹಣ್ಣಿನ ಪ್ರಾಯೋಗಿಕ ವೈನ್ ಮಾಡಿಸಿ, ಎರಡು ಮೂರು ಹಂಗಾಮುಗಳ ಫಲಿತಾಂಶವನ್ನು ಹೋಲಿಸುವುದು ಲೇಸು. ಕೊಯ್ಲಿನ ದಿನಾಂಕ, ಬ್ರಿಕ್ಸ್, ಹುಳಿ, ರುಚಿಯ ಟಿಪ್ಪಣಿ ಇಷ್ಟನ್ನು ದಾಖಲಿಸಿದ ಒಂದು ಪುಸ್ತಕವಿದ್ದರೆ ಮುಂದಿನ ಖರೀದಿಯಲ್ಲಿ ಅದೇ ದಾರಿದೀಪ. ಅಡಿಕೆಯ ಗುಣವನ್ನು ಮಂಡಿ ಕಲಿತದ್ದೂ ಒಂದೇ ದಿನದಲ್ಲಲ್ಲ.