ಎರಡು ಗಂಟೆ ಕೈಯಲ್ಲಿತ್ತು

2004ರ ಡಿಸೆಂಬರ್ 26, ಭಾನುವಾರ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಆರೂವರೆಯ ಹೊತ್ತಿಗೆ ಇಂಡೊನೇಷ್ಯಾದ ಸುಮಾತ್ರಾ ಬಳಿ ಸಮುದ್ರದ ತಳದಲ್ಲಿ 9.1 ತೀವ್ರತೆಯ ಭೂಕಂಪವಾಯಿತು. ಸುನಾಮಿ ತಮಿಳುನಾಡಿನ ತೀರ ಮುಟ್ಟಿದ್ದು ಎರಡು ಗಂಟೆಗೂ ಹೆಚ್ಚು ಸಮಯದ ನಂತರ. ಆದರೂ ನಾಗಪಟ್ಟಣಂ ಜಿಲ್ಲೆಯೊಂದರಲ್ಲೇ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಒಟ್ಟು 14 ದೇಶಗಳಲ್ಲಿ ಸುಮಾರು 2.3 ಲಕ್ಷ ಮಂದಿ ಬಲಿಯಾದರು.

ಬಿಇ ಓದುತ್ತಿರುವ ನನಗೆ ಸುನಾಮಿಯ ಬಲ ಅರ್ಥವಾಗಿದ್ದು ಫ್ಲೂಯಿಡ್ ಮೆಕಾನಿಕ್ಸ್‌ನ ಒಂದು ಸಣ್ಣ ಸೂತ್ರದಿಂದ. ಅಲೆಯ ವೇಗವೆಂದರೆ ಗುರುತ್ವ ಮತ್ತು ನೀರಿನ ಆಳದ ಗುಣಲಬ್ಧದ ವರ್ಗಮೂಲ. ನಾಲ್ಕು ಸಾವಿರ ಮೀಟರ್ ಆಳದಲ್ಲಿ ಲೆಕ್ಕ ಹಾಕಿದರೆ ಗಂಟೆಗೆ 700 ಕಿ.ಮೀ. ದಾಟುತ್ತದೆ, ಅಂದರೆ ಹೆಚ್ಚುಕಡಿಮೆ ವಿಮಾನದ ವೇಗ! ಹತ್ತು ಮೀಟರ್ ಆಳಕ್ಕೆ ಬಂದಾಗ ಅದು ಸುಮಾರು 36ಕ್ಕೆ ಇಳಿಯುತ್ತದೆ. ಮುಂದಿನ ನೀರು ನಿಧಾನವಾಗುತ್ತದೆ, ಹಿಂದಿನದು ನುಗ್ಗಿ ಬರುತ್ತದೆ. ನಡುಗಡಲಿನಲ್ಲಿ ಹಡಗಿನವರಿಗೂ ಗೊತ್ತಾಗದ ಅಲೆ ದಡದಲ್ಲಿ ಗೋಡೆಯಂತೆ ಏಳುವುದು ಹೀಗೆ. ಒಂದು ಘನ ಮೀಟರ್ ಸಮುದ್ರದ ನೀರು ಒಂದು ಟನ್‌ಗಿಂತ ಹೆಚ್ಚು ತೂಗುತ್ತದೆ. ಅದರ ಜೊತೆ ದೋಣಿ, ಮರ, ಕಾರುಗಳೂ ತೇಲಿ ಬಂದು ಬಡಿದರೆ ಏನುಳಿದೀತು?

ಪೆಸಿಫಿಕ್‌ನಲ್ಲಿ 1949ರಿಂದಲೇ ಸುನಾಮಿ ಎಚ್ಚರಿಕೆ ಕೇಂದ್ರವಿತ್ತು. ಹಿಂದೂ ಮಹಾಸಾಗರಕ್ಕೆ ಅಂಥದ್ದೇನೂ ಇರಲಿಲ್ಲ. ಹಾಗಾಗಿ ಆ ಎರಡು ಗಂಟೆ ವ್ಯರ್ಥವಾಯಿತು. ನಮ್ಮ ದೇಶದ ಎಚ್ಚರಿಕೆ ಕೇಂದ್ರ ಹೈದರಾಬಾದ್‌ನಲ್ಲಿ ಆರಂಭವಾಗಿದ್ದು 2007ರಲ್ಲಿ.

ಭೂಕಂಪದ ಕೇಂದ್ರಕ್ಕೆ ತೀರಾ ಹತ್ತಿರವಿದ್ದ ಸಿಮೆಲ್ಯೂ ದ್ವೀಪದ ಕಥೆಯೇ ಬೇರೆ. ಅಲ್ಲಿ ಅಲೆ ಬರಲು ಸುಮಾರು ಹತ್ತು ನಿಮಿಷ ಸಾಕಾಯಿತು. ಆದರೆ 78 ಸಾವಿರದಷ್ಟು ಜನರಲ್ಲಿ ಸತ್ತವರು ಏಳೇ ಮಂದಿ. 1907ರ ಸುನಾಮಿಯನ್ನು ಕಂಡ ಹಿರಿಯರು ‘ಸ್ಮಾಂಗ್’ ಎಂಬ ಹೆಸರಿನಲ್ಲಿ ಅದರ ನೆನಪನ್ನು ಕಥೆ, ಲಾಲಿಹಾಡುಗಳ ಮೂಲಕ ಮೊಮ್ಮಕ್ಕಳಿಗೆ ದಾಟಿಸಿದ್ದರು. ನೆಲ ನಡುಗಿದ ಕೂಡಲೇ ಎಲ್ಲರೂ ಗುಡ್ಡ ಹತ್ತಿದರು.

ಅರಬ್ಬಿ ಸಮುದ್ರ ಸುರಕ್ಷಿತ ಎಂದು ನಾವೂ ನಿಶ್ಚಿಂತರಾಗಿರುವಂತಿಲ್ಲ. 1945ರಲ್ಲಿ ಮಕ್ರಾನ್ ತೀರದ ಭೂಕಂಪದಿಂದ ಎದ್ದ ಸುನಾಮಿ ಮುಂಬೈವರೆಗೂ ಬಂದಿತ್ತು. ರಜೆ ಬಂತೆಂದರೆ ಗೋಕರ್ಣ, ಮಲ್ಪೆಗೆ ಹೊರಡುವ ಗೆಳೆಯರೇ, ಇಷ್ಟು ನೆನಪಿಡಿ: ದಡದಲ್ಲಿ ನೆಲ ಜೋರಾಗಿ ನಡುಗಿದರೆ ಅಥವಾ ಸಮುದ್ರ ಇದ್ದಕ್ಕಿದ್ದಂತೆ ಹಿಂದೆ ಸರಿದರೆ ಮೊಬೈಲ್ ತೆಗೆದು ವಿಡಿಯೊ ಮಾಡುತ್ತ ನಿಲ್ಲಬೇಡಿ, ಎತ್ತರದ ಜಾಗಕ್ಕೆ ಓಡಿ. ಮೊದಲ ಅಲೆ ಹೋಯಿತೆಂದು ಕೆಳಗಿಳಿಯಬೇಡಿ, ಅದರ ನಂತರದ್ದು ಇನ್ನೂ ದೊಡ್ಡದಿರಬಹುದು.

ಸೆನ್ಸರ್, ಉಪಗ್ರಹಗಳನ್ನು ನಮ್ಮಂಥ ಎಂಜಿನಿಯರ್‌ಗಳು ಕಟ್ಟಬಹುದು. ಆದರೆ ಅವು ಕೊಡುವ ಎಚ್ಚರಿಕೆ ದಡದಲ್ಲಿ ಬಲೆ ಬಿಡಿಸುತ್ತ ಕುಳಿತವರಿಗೂ ತಲುಪಬೇಕು, ತಲುಪಿದಾಗ ಏನು ಮಾಡಬೇಕೆಂದು ಅವರಿಗೆ ಮೊದಲೇ ತಿಳಿದಿರಬೇಕು.