ಗೇಮಿಂಗ್ ಕಂಪ್ಯೂಟರ್ ಜೋಡಿಸ್ತೀರಾ? ಪ್ರೊಸೆಸರ್ ಜೋಪಾನ!

"ಅಮ್ಮಾ, ಪರೀಕ್ಷೆ ಮುಗೀತು. ಕಂಪ್ಯೂಟರ್ ಕೊಡಿಸ್ತೀನಿ ಅಂದಿದ್ದೆಯಲ್ಲ?" ಅಂತ ಮಗನೋ ಮಗಳೋ ಬೆನ್ನು ಹತ್ತಿದ್ದಾರಾ? ಅದೂ ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಕಂಪ್ಯೂಟರ್ ಬೇಡವಂತೆ. ಬಿಡಿಭಾಗಗಳನ್ನು ತಂದು ಮನೆಯಲ್ಲೇ ಜೋಡಿಸಬೇಕಂತೆ, ಅದರಲ್ಲಿ ಗೇಮ್ ಆಡಬೇಕಂತೆ! ಯಜಮಾನರು "ನಿಮ್ಮಮ್ಮನ್ನ ಕೇಳು" ಎಂದು ಜಾರಿಕೊಂಡರಂತೂ ಮುಗಿದೇ ಹೋಯಿತು. ಚೀಟಿ ದುಡ್ಡು ನಿಮ್ಮ ಕೈಲಿರುವಾಗ ಕೊನೆಯ ಮಾತೂ ನಿಮ್ಮದೇ.

ಮಕ್ಕಳು ಬರೆದುಕೊಟ್ಟ ಪಟ್ಟಿ ನೋಡಿದರೆ ತಲೆ ಗಿರ್ರೆನ್ನುವುದು ಸಹಜ. ಐ5, ರೈಜೆನ್, 12400ಎಫ್, 5600ಜಿ... ಇದೇನು ಕಂಪ್ಯೂಟರ್ ಭಾಗವೋ, ಬಸ್ಸಿನ ನಂಬರೋ? ಹೆದರಬೇಡಿ. ಬೇಳೆಯ ಹೊಳಪಿಗೆ ಮರುಳಾಗದೆ ಕೈಯಲ್ಲಿ ಹಿಡಿದು ನೋಡಿ ಕೊಳ್ಳುವ ನಿಮಗೆ ಇದೂ ಕಷ್ಟವಲ್ಲ. ನೆನಪಿಡಬೇಕಾದ್ದು ಒಂದೇ ಮಾತು: ಗೇಮಿಂಗ್ ಕಂಪ್ಯೂಟರಿಗೆ ಪ್ರೊಸೆಸರ್ ಸಾಕಷ್ಟಿರಬೇಕು, ಅತಿಯಾಗಬಾರದು. ಅಲ್ಲಿ ಉಳಿಸಿದ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ ಹೋಗಬೇಕು.

ಎಷ್ಟು ಬರ್ನರ್ ಬೇಕು?

ಗೇಮಿನಲ್ಲಿ ಎದುರಾಳಿ ಎಲ್ಲಿದ್ದಾನೆ, ಗುಂಡು ತಗುಲಿತೇ, ಗಾಡಿ ಎತ್ತ ತಿರುಗಿತು ಎಂಬ ಲೆಕ್ಕಾಚಾರವೆಲ್ಲ ಪ್ರೊಸೆಸರಿನ ಕೆಲಸ. ಆ ಲೆಕ್ಕವನ್ನು ಚಿತ್ರವಾಗಿ ಪರದೆಯ ಮೇಲೆ ಬಿಡಿಸುವುದು ಗ್ರಾಫಿಕ್ಸ್ ಕಾರ್ಡ್. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2ರಂಥ ಆಟಗಳು ಪ್ರೊಸೆಸರನ್ನು ಹೆಚ್ಚು ನೆಚ್ಚಿಕೊಳ್ಳುತ್ತವೆ. ಸೈಬರ್‌ಪಂಕ್ 2077ರಂಥ ಭರ್ಜರಿ ದೃಶ್ಯಗಳ ಆಟಗಳಿಗೆ ಗ್ರಾಫಿಕ್ಸ್ ಕಾರ್ಡೇ ಪ್ರಧಾನ. ಆದ್ದರಿಂದ ಮೊದಲು ಮಕ್ಕಳನ್ನು ಕೂರಿಸಿಕೊಂಡು "ನೀನು ಆಡೋದು ಯಾವ ಗೇಮು?" ಅಂತ ಕೇಳಿ, ಬರೆದುಕೊಳ್ಳಿ.

ಪ್ರೊಸೆಸರಿನ 'ಕೋರ್' ಅಂದರೆ ಒಲೆಯ ಬರ್ನರ್ ಇದ್ದಂತೆ. ಹೆಚ್ಚು ಬರ್ನರ್ ಇದ್ದರೆ ಹೆಚ್ಚು ಕೆಲಸ ಒಟ್ಟಿಗೆ. ಇಂದಿನ ಆಟಗಳಿಗೆ 6 ಕೋರ್, 12 ಥ್ರೆಡ್ ಇರುವ ಪ್ರೊಸೆಸರ್ ಹದವಾದ ಆಯ್ಕೆ. ಕೈ ತೀರಾ ಬಿಗಿ ಇದ್ದರೆ 4 ಕೋರ್, 8 ಥ್ರೆಡ್‌ನಲ್ಲೂ ಶುರು ಮಾಡಬಹುದು. ಹಾಗಂತ 16 ಕೋರ್ ಹಾಕಿಸಿದರೆ ಗೇಮ್ ಎರಡು ಪಟ್ಟು ಚುರುಕಾಗುತ್ತದೆಯೇ? ಖಂಡಿತ ಇಲ್ಲ. ಇಬ್ಬರ ಅಡುಗೆಗೆ ಎಂಟು ಬರ್ನರ್ ಹಚ್ಚಿದರೆ ಊಟ ಬೇಗ ಆಗೋದಿಲ್ಲವಲ್ಲ!

ಐ7 ಎಂಬ ಮಾಯೆ

ಬರ್ನರ್ ಎಷ್ಟು ಎಂಬುದರ ಜೊತೆಗೆ ಉರಿ ಎಷ್ಟು ಎಂಬುದೂ ಮುಖ್ಯ. ಹೆಚ್ಚಿನವರು ಮೋಸ ಹೋಗುವುದು ಇಲ್ಲೇ. "ಮೇಡಂ, ಐ7 ಪ್ರೊಸೆಸರ್ ಇದೆ, ಐ3 ಬೆಲೆಗೇ ಕೊಡ್ತೀನಿ" ಎಂದರೆ ಯಾರಿಗೆ ತಾನೇ ಆಸೆಯಾಗದು? ಆಗ ಒಂದೇ ಪ್ರಶ್ನೆ ಕೇಳಿ: "ಎಷ್ಟನೇ ಜನರೇಷನ್?"

2013ರಲ್ಲಿ ಬಂದ ಐ7-4770 ನಾಲ್ಕನೇ ಜನರೇಷನ್ನಿನದು. ಅದರಲ್ಲಿರುವುದು 4 ಕೋರ್, 8 ಥ್ರೆಡ್. 2022ರ ಜನವರಿಯಲ್ಲಿ ಬಂದ ಐ3-12100ಎಫ್ ಹನ್ನೆರಡನೇ ಜನರೇಷನ್ನಿನದು. ಅದರಲ್ಲೂ 4 ಕೋರ್, 8 ಥ್ರೆಡ್. ಬರ್ನರ್ ಅಷ್ಟೇ ಇದ್ದರೂ ಹೊಸ ಐ3ಯ ಒಂದೊಂದು ಕೋರ್ ಬಹಳ ಚುರುಕು. ಹೆಸರಿನಲ್ಲಿ ಏಳು ದೊಡ್ಡದು, ಕೆಲಸದಲ್ಲಿ ಮೂರೇ ಮುಂದು!

ಇನ್ನೊಂದು ತೊಡಕೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ಜನರೇಷನ್ ಅಥವಾ ಆಮೇಲಿನ ಪ್ರೊಸೆಸರ್ ಬೇಕು. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಬೇಕೆಂದರೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಸುರಕ್ಷತಾ ಸೌಲಭ್ಯಗಳೂ ಇರಬೇಕು. ಅಗ್ಗಕ್ಕೆ ಸಿಕ್ಕಿತೆಂದು ಹಳೇ ಐ7 ತಂದರೆ, ಮಗು ಬಯಸಿದ ಗೇಮೇ ಓಡದೆ ಹೋದೀತು.

ಬಾಲದಲ್ಲಿದೆ ಗುಟ್ಟು

ಸಂಖ್ಯೆಯ ಕೊನೆಯಲ್ಲಿರುವ ಒಂದು ಅಕ್ಷರ ನಿಮ್ಮ ಬಜೆಟ್ಟನ್ನೇ ತಲೆಕೆಳಗು ಮಾಡಬಲ್ಲದು.

* ಎಫ್: ಇದರಲ್ಲಿ ಚಿತ್ರ ಮೂಡಿಸುವ ವ್ಯವಸ್ಥೆ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಪರದೆಯಲ್ಲಿ ಏನೂ ಕಾಣದು. ಕಾರ್ಡ್ ಹೇಗೂ ಕೊಳ್ಳುವವರಿಗೆ ಇದರಿಂದ ದುಡ್ಡು ಉಳಿತಾಯ.
* ಜಿ: ರೈಜೆನ್‌ನಲ್ಲಿ ಈ ಅಕ್ಷರವಿದ್ದರೆ ಒಳಗೇ ಪರವಾಗಿಲ್ಲ ಎನ್ನುವಂಥ ಗ್ರಾಫಿಕ್ಸ್ ಇದೆ ಎಂದರ್ಥ.
* ಕೆ: ಇಂಟೆಲ್‌ನಲ್ಲಿ ವೇಗವನ್ನು ಇನ್ನಷ್ಟು ಏರಿಸಿಕೊಳ್ಳುವ ಅವಕಾಶ. ಮೊದಲ ಕಂಪ್ಯೂಟರಿಗೆ ಈ ಖರ್ಚು ಬೇಡ.

ರೈಜೆನ್ 5 5600ರಲ್ಲಿ ಯಾವ ಅಕ್ಷರವೂ ಇಲ್ಲ, ಒಳಗೆ ಗ್ರಾಫಿಕ್ಸೂ ಇಲ್ಲ. 5600ಜಿಯಲ್ಲಿ ಇದೆ. ಬಿಲ್ ಮಾಡಿಸುವಾಗ ಈ ಎರಡರ ನಡುವೆ ಗೊಂದಲವಾಗದಂತೆ ನೋಡಿಕೊಳ್ಳಿ.

ಜಾರ್ ಕೂರಬೇಕಲ್ಲ!

ಒಂದು ಕಂಪನಿಯ ಮಿಕ್ಸಿಗೆ ಇನ್ನೊಂದು ಕಂಪನಿಯ ಜಾರ್ ಕೂರುವುದಿಲ್ಲ, ಅಲ್ವೇ? ಪ್ರೊಸೆಸರ್ ಕೂರುವ ಮದರ್‌ಬೋರ್ಡಿನ ಜಾಗಕ್ಕೆ ಸಾಕೆಟ್ ಎನ್ನುತ್ತಾರೆ. ಎರಡೂ ಹೊಂದಬೇಕು.

ರೈಜೆನ್ 5600 ಮತ್ತು 5600ಜಿ ಕೂರುವುದು ಎಎಂ4 ಸಾಕೆಟ್ಟಿನಲ್ಲಿ. ಇದು ಹಳೆಯದಾದರೂ ಗಟ್ಟಿ ಆಸಾಮಿ. ಇದಕ್ಕೆ ಡಿಡಿಆರ್4 ರ‍್ಯಾಮ್ ಬೇಕು. 2022ರಲ್ಲಿ ಬಂದ ಎಎಂ5ಕ್ಕೆ ಡಿಡಿಆರ್5 ರ‍್ಯಾಮ್ ಮಾತ್ರ ಆಗುತ್ತದೆ. 2027ರವರೆಗೆ ಮತ್ತು ಆಮೇಲೂ ಎಎಂ5ಕ್ಕೆ ಬೆಂಬಲವಿರುತ್ತದೆ ಎಂದು ಎಎಂಡಿ ಹೇಳಿದೆ. ಅಂದರೆ ಮುಂದೆ ಮದರ್‌ಬೋರ್ಡ್ ಬದಲಿಸದೆ ಪ್ರೊಸೆಸರ್ ಒಂದನ್ನೇ ಬದಲಿಸುವ ದಾರಿ ತೆರೆದಿದೆ. ಇಂಟೆಲ್‌ನ 12, 13, 14ನೇ ಜನರೇಷನ್ ಪ್ರೊಸೆಸರ್‌ಗಳು ಎಲ್‌ಜಿಎ 1700 ಸಾಕೆಟ್ಟಿನಲ್ಲಿ ಕೂರುತ್ತವೆ. ಆಮೇಲೆ 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಪ್ರೊಸೆಸರ್‌ಗಳಿಗೆ ಸಾಕೆಟ್ಟೇ ಬೇರೆ.

2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಜೋರಾಗಿ ಏರಿತು. ಹಾಗಾಗಿ ಪ್ರೊಸೆಸರಿನ ಬೆಲೆಯೊಂದನ್ನೇ ಹೋಲಿಸಬೇಡಿ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್ ಮೂರನ್ನೂ ಕೂಡಿಸಿ ನೋಡಿ.

ಯಾರಿಗೆ ಯಾವುದು?

ಈಗಲೇ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವವರು: ರೈಜೆನ್ 5 5600 ಅಥವಾ ಇಂಟೆಲ್ ಐ5-12400ಎಫ್. ಎರಡರಲ್ಲೂ 6 ಕೋರ್, 12 ಥ್ರೆಡ್. ಆ ದಿನ ಯಾವುದರ ಒಟ್ಟು ಲೆಕ್ಕ ಕಡಿಮೆಯೋ ಅದು ಸರಿ. ಬಜೆಟ್ ಇನ್ನೂ ಕಮ್ಮಿಯೇ? ಐ3-12100ಎಫ್.

ಕಾರ್ಡನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವವರು: ರೈಜೆನ್ 5 5600ಜಿ, ಸ್ವಲ್ಪ ಹೆಚ್ಚು ಹಾಕುವುದಾದರೆ ಎಎಂ5ರ ರೈಜೆನ್ 5 8600ಜಿ. ಓದು, ಪ್ರಾಜೆಕ್ಟ್ ಕೆಲಸದ ಜೊತೆಗೆ ವ್ಯಾಲರಂಟ್, ಮೈನ್‌ಕ್ರಾಫ್ಟ್‌ನಂಥ ಹಗುರ ಆಟಗಳಿಗೆ ತೊಂದರೆಯಿಲ್ಲ. ಆದರೆ ಒಂದು ಎಚ್ಚರಿಕೆ. ಇವು ರ‍್ಯಾಮನ್ನೇ ಎರವಲು ಪಡೆದು ಚಿತ್ರ ಮೂಡಿಸುತ್ತವೆ. ಆದ್ದರಿಂದ 16 ಜಿಬಿಯ ಒಂದೇ ಕಡ್ಡಿ ಹಾಕಿಸುವ ಬದಲು 8 ಜಿಬಿಯ ಎರಡು ಕಡ್ಡಿ ಹಾಕಿಸಿ. ಆಟದಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ.

ಐದಾರು ವರ್ಷ ಬಾಳಲಿ, ಆಮೇಲೂ ಪ್ರೊಸೆಸರ್ ಬದಲಿಸಿಕೊಂಡು ಬಳಸೋಣ ಎನ್ನುವವರು: ಎಎಂ5ರ ರೈಜೆನ್ 5 7600.

ದುಡ್ಡು ಹಂಚುವ ಬಗೆ

ಮಾನಿಟರ್ ಬಿಟ್ಟು ಉಳಿದದ್ದಕ್ಕೆ 60 ಸಾವಿರ ರೂಪಾಯಿ ಇಟ್ಟಿದ್ದೀರಿ ಎನ್ನಿ. ಅದರಲ್ಲಿ ಪ್ರೊಸೆಸರಿಗೆ ಆರನೇ ಅಥವಾ ಐದನೇ ಒಂದು ಭಾಗ, ಅಂದರೆ 10ರಿಂದ 12 ಸಾವಿರ ಸಾಕು. ಗ್ರಾಫಿಕ್ಸ್ ಕಾರ್ಡಿಗೆ 22–24 ಸಾವಿರ. ಉಳಿದದ್ದು ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಕ್ಯಾಬಿನೆಟ್ ಮತ್ತು ಪವರ್ ಸಪ್ಲೈಗೆ. ಕೊನೆಯ ಎರಡರಲ್ಲಿ ಕತ್ತರಿ ಹಾಕುವುದಾದರೆ ಕ್ಯಾಬಿನೆಟ್ಟಿನ ಬಣ್ಣದ ದೀಪಗಳಿಗೆ ಹಾಕಿ, ಪವರ್ ಸಪ್ಲೈಗೆ ಬೇಡ. ಕಳಪೆ ಪವರ್ ಸಪ್ಲೈ ಕೆಟ್ಟರೆ ತಾನೊಂದೇ ಹೋಗದೆ ಬೇರೆ ಭಾಗಗಳನ್ನೂ ಕೆಡಿಸಬಹುದು.

ಅಂಗಡಿಯಲ್ಲಿ ಮರೆಯಬೇಡಿ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಂಪ್ಯೂಟರ್ ಅಂಗಡಿಗಳ ಸಾಲೇ ಇದೆ. ಸೀರೆ ಅಂಗಡಿಯಲ್ಲಿ ಮಾಡುವಂತೆ ಮೂರು ಕಡೆ ಬೆಲೆ ಕೇಳಿ, ಆನ್‌ಲೈನ್ ದರವನ್ನೂ ನೋಡಿ, ಆಮೇಲೆ ಮಾತಾಡಿ.

* 'ಬಾಕ್ಸ್ ಪೀಸ್' ಕೇಳಿ. ಸೀಲಾದ ಡಬ್ಬಿಯ ಪ್ರೊಸೆಸರಿಗೆ ಇಂಟೆಲ್, ಎಎಂಡಿ ಎರಡೂ ಸಾಮಾನ್ಯವಾಗಿ 3 ವರ್ಷ ವಾರಂಟಿ ಕೊಡುತ್ತವೆ. ಬಿಡಿಯಾಗಿ ಸಿಗುವ 'ಟ್ರೇ ಪೀಸ್' ಅಗ್ಗ, ಆದರೆ ಅದಕ್ಕೆ ಮಾರಿದವರೇ ಹೊಣೆ.
* ಡಬ್ಬಿಯಲ್ಲಿ ಕೂಲರ್ ಫ್ಯಾನ್ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಮೇಲೆ ಹೇಳಿದಂಥ ಪ್ರೊಸೆಸರ್‌ಗಳಿಗೆ ಡಬ್ಬಿಯ ಫ್ಯಾನೇ ಸಾಕು.
* "ಈ ಬೋರ್ಡಿಗೆ ಈ ಪ್ರೊಸೆಸರ್ ಬಯಾಸ್ ಅಪ್‌ಡೇಟ್ ಇಲ್ಲದೆ ನಡೆಯುತ್ತಾ?" ಎಂದು ಕೇಳಿ. ಬೇಕಾದರೆ ಅಂಗಡಿಯಲ್ಲೇ ಮಾಡಿಸಿ.
* ಪ್ರೊಸೆಸರಿನ ಪೂರ್ತಿ ಹೆಸರು, ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ ಪಡೆಯಿರಿ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಜೋಡಿಸುವಾಗ

ಸ್ವಿಚ್ ಆಫ್ ಮಾಡಿ, ಮೈಯಲ್ಲಿರಬಹುದಾದ ಸ್ಥಿರ ವಿದ್ಯುತ್ ಹೋಗಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ. ಪ್ರೊಸೆಸರಿನ ಮೂಲೆಯಲ್ಲಿರುವ ತ್ರಿಕೋನದ ಗುರುತು, ಸಾಕೆಟ್ಟಿನ ಗುರುತು ಎರಡೂ ಒಂದೇ ಕಡೆ ಬರಲಿ. ಮೆಲ್ಲಗೆ ಇಟ್ಟರೆ ತಾನಾಗಿ ಕೂರುತ್ತದೆ, ಬೆರಳಿನಿಂದ ಒತ್ತಲೇಬಾರದು. ಎಎಂ4ರಲ್ಲಿ ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲಿರುತ್ತವೆ, ಎಎಂ5 ಮತ್ತು ಇಂಟೆಲ್‌ನಲ್ಲಿ ಬೋರ್ಡಿನಲ್ಲಿರುತ್ತವೆ. ಎಲ್ಲಿದ್ದರೂ ಬಾಗಿದರೆ ಫಜೀತಿಯೇ, ವಾರಂಟಿಯೂ ಸಿಗುವುದು ಕಷ್ಟ. ಡಬ್ಬಿಯ ಕೂಲರಿನ ಅಡಿಯಲ್ಲಿ ಮೊದಲೇ ಬಳಿದ ಪೇಸ್ಟ್ ಇದ್ದರೆ ಒರೆಸಬೇಡಿ. ಇಲ್ಲದಿದ್ದರೆ ಬಟಾಣಿ ಕಾಳಿನಷ್ಟು ಹಚ್ಚಿದರೆ ಸಾಕು.

ಕಿವಿಮಾತು

ಪಟ್ಟಿಯನ್ನು ಮಕ್ಕಳ ಕೈಲೇ ಬರೆಸಿ, ಪ್ರತಿಯೊಂದರ ಮುಂದೆ ಬೆಲೆ ಮತ್ತು "ಇದೇ ಯಾಕೆ?" ಎಂಬುದಕ್ಕೆ ಒಂದು ಸಾಲು ಉತ್ತರ ಬರೆಯಲು ಹೇಳಿ. ಬಜೆಟ್ ಮೀರಿದರೆ ಯಾವುದನ್ನು ಬಿಡಬೇಕೆಂದು ಅವರೇ ನಿರ್ಧರಿಸಲಿ. ಆಡುವ ಹೊತ್ತು ಎಷ್ಟು, ಓದುವ ಹೊತ್ತು ಎಷ್ಟು ಎಂಬುದನ್ನೂ ದುಡ್ಡು ಕೊಡುವ ಮುನ್ನವೇ ಮಾತಾಡಿಕೊಳ್ಳಿ. ಕಂಪ್ಯೂಟರ್ ಬಂದ ಮೇಲೆ ಆ ಮಾತು ತೆಗೆದರೆ ಜಗಳ, ಮೊದಲೇ ಆಡಿದರೆ ಒಪ್ಪಂದ. ಅವರು ಬೆವರೊರೆಸುತ್ತಾ ಸ್ಕ್ರೂ ಬಿಗಿಯುವಾಗ ನೀವೂ ಪಕ್ಕದಲ್ಲಿ ಕೂತು ಟಾರ್ಚ್ ಹಿಡಿಯಿರಿ. ಯಾರು ಬಲ್ಲರು, ರಜೆಯಲ್ಲಿ ಒಂದು ಆಟ ನೀವೂ ಆಡಬಹುದು!